ಸಹಿ ಹಾಕುವ ಮುನ್ನ ಕಾಗದ ಓದು, ತಮ್ಮಾ

ಹೋದ ತಿಂಗಳು ನನ್ನ ತಮ್ಮ ಕಾಲೇಜು ಬಿಡುತ್ತೇನೆ ಎಂದ. ಬಿ.ಕಾಂ. ಎರಡನೇ ವರ್ಷದಲ್ಲಿದ್ದಾನೆ. ಎತ್ತರ ಇದೆ, ಕಾಲಲ್ಲಿ ವೇಗ ಇದೆ. ನಮ್ಮ ಬೋರಗಾಂವದ ಸುತ್ತಲಿನ ಹಳ್ಳಿಗಳಲ್ಲಿ ಜಾತ್ರೆ, ಉರುಸಿನ ರಾತ್ರಿ ನಡೆಯುವ ಕಬಡ್ಡಿಯಲ್ಲಿ ಅವನು ರೈಡಿಗೆ ಇಳಿದರೆ ಸಿಳ್ಳೆ ಬೀಳುತ್ತವೆ. ಯಾವುದೋ ಖಾಸಗಿ ತಂಡದವರು ಮನೆಗೆ ಬಂದು, ನಾಲ್ಕು ತಿಂಗಳು ನಮ್ಮಲ್ಲಿರಲಿ, ಊಟ-ವಸತಿ ನಮ್ಮದು, ಮುಂದೆ ಪ್ರೊ ಕಬಡ್ಡಿಗೆ ದಾರಿ ನಾವು ಮಾಡಿಕೊಡುತ್ತೇವೆ ಎಂದು ಹೇಳಿ ಹೋಗಿದ್ದಾರೆ.

'ಅಣ್ಣಾ, ಒಂದ ಸೀಸನ್ ಆಡಿದ್ರ ಸಾಕು, ಲೈಫ್ ಸೆಟ್ ಆಕ್ಕೈತಿ' ಎಂದ. ಅವ್ವ ಏನೂ ಮಾತಾಡದೆ ನನ್ನ ಮುಖ ನೋಡಿದಳು. ಐದು ವರ್ಷಗಳ ಹಿಂದೆ ಇದೇ ಪಡಸಾಲೆಯಲ್ಲಿ ನಿಂತು ಇದೇ ಮಾತನ್ನು ನಾನು ಹೇಳಿದ್ದೆ.

ಆಗ ನಾನು ಲೆಫ್ಟ್ ಕಾರ್ನರ್ ಆಡುತ್ತಿದ್ದೆ. ಒಂದು ಸಣ್ಣ ಲೀಗ್‌ನ ತಂಡದವರು ಮೈದಾನದಲ್ಲೇ ಜೀಪಿನ ಬಾನೆಟ್ ಮೇಲೆ ಎರಡು ಪುಟದ ಇಂಗ್ಲಿಷ್ ಕಾಗದ ಇಟ್ಟು, ಇಲ್ಲಿ ಸಹಿ ಹಾಕು ಎಂದರು. ಹಾಕಿದೆ. ಮೂರನೇ ಪಂದ್ಯದಲ್ಲಿ ರೈಡರ್‌ನ ಕಾಲು ಹಿಡಿಯಲು ಹೋಗಿ ಮೊಣಕಾಲಿನ ಲಿಗಮೆಂಟ್ ಹರಿಯಿತು. ತಂಡದವರು ಕೈಗೆ ಎರಡು ಸಾವಿರ ರೂಪಾಯಿ ಕೊಟ್ಟು ಬಸ್ ಹತ್ತಿಸಿದರು. ಮರುದಿನದಿಂದ ಫೋನ್ ಎತ್ತಲಿಲ್ಲ. ಆ ವರ್ಷದ ಕಬ್ಬಿನ ಬಿಲ್ಲು ಪೂರ್ತಿ ನನ್ನ ಆಪರೇಷನ್ನಿಗೆ ಹೋಯಿತು. ಗಾಯದ ಖರ್ಚು ಆಟಗಾರನದೇ ಎಂದು ಆ ಕಾಗದದ ಎರಡನೇ ಪುಟದಲ್ಲಿ ಬರೆದಿತ್ತು. ಅದನ್ನು ನಾನು ಓದಿದ್ದು ಆರು ತಿಂಗಳ ಮೇಲೆ, ಹಾಸಿಗೆಯಲ್ಲಿ ಮಲಗಿಕೊಂಡು. ಮುಂದೆ ಪೊಲೀಸ್ ಕಾನ್‌ಸ್ಟೆಬಲ್ ಲಿಖಿತ ಪರೀಕ್ಷೆ ಪಾಸಾದೆ. 1600 ಮೀಟರ್ ಓಟವನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕಿತ್ತು. ಮೂರನೇ ಸುತ್ತಿಗೇ ಮೊಣಕಾಲು ಬಾತುಕೊಂಡಿತು.

ಇಷ್ಟು ಹೇಳಿದ ಮಾತ್ರಕ್ಕೆ ಕಬಡ್ಡಿ ಆಡಬೇಡಿ ಎನ್ನುವವನು ನಾನಲ್ಲ. ಪ್ರೊ ಕಬಡ್ಡಿ ಲೀಗ್ ನಮ್ಮಂಥ ಹಳ್ಳಿ ಹುಡುಗರ ಆಟಕ್ಕೆ ಬೆಲೆ ತಂದುಕೊಟ್ಟಿದೆ ಎಂಬುದು ಸುಳ್ಳಲ್ಲ. 2014ರ ಮೊದಲ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ಪಡೆದ ರಾಕೇಶ್ ಕುಮಾರ್ ಅವರಿಗೆ ಸಿಕ್ಕಿದ್ದು 12.80 ಲಕ್ಷ ರೂಪಾಯಿ. 2018ರಲ್ಲಿ ಬೆಲೆ ಕೋಟಿ ದಾಟಿತು. 2023ರಲ್ಲಿ ಪವನ್ ಸೆಹ್ರಾವತ್ ಅವರನ್ನು ತೆಲುಗು ಟೈಟನ್ಸ್ 2.605 ಕೋಟಿಗೆ ಕೊಂಡಿತು. ನಾವು ಮೊಬೈಲಿನಲ್ಲಿ ನೋಡುವುದು ಈ ಅಂಕಿಗಳನ್ನೇ. ಆದರೆ ಆ ಅಂಕಿಯ ಹಿಂದೆ ಏನಿದೆ ಎಂಬುದನ್ನು ನೋಡಬೇಕಾದರೆ ಪವನ್ ಅವರ ಲೆಕ್ಕವನ್ನೇ ತೆಗೆದುಕೊಳ್ಳಿ.

2018ರಲ್ಲಿ ನಮ್ಮ ಬೆಂಗಳೂರು ಬುಲ್ಸ್ ಅವರನ್ನು 52.80 ಲಕ್ಷಕ್ಕೆ ಪಡೆಯಿತು. ಆ ವರ್ಷದ ದುಬಾರಿ ಆಟಗಾರ ಅವರಲ್ಲ, 1.51 ಕೋಟಿಗೆ ಹರಿಯಾಣ ಸ್ಟೀಲರ್ಸ್ ಸೇರಿದ ಮೋನು ಗೋಯತ್. ಹರಿಯಾಣ ತನ್ನ ಗುಂಪಿನಲ್ಲಿ ಕೊನೆಯ ಸ್ಥಾನಕ್ಕೆ ಇಳಿಯಿತು. ಬುಲ್ಸ್ ಚಾಂಪಿಯನ್ ಆಯಿತು. 2019ರ ಜನವರಿ 5ರ ಫೈನಲ್‌ನಲ್ಲಿ ಗುಜರಾತ್ ವಿರುದ್ಧ 38-33ರಿಂದ ಗೆದ್ದಾಗ ಪವನ್ ಒಬ್ಬರೇ 22 ಪಾಯಿಂಟ್ ತಂದಿದ್ದರು.

2022ರಲ್ಲಿ ತಮಿಳ್ ತಲೈವಾಸ್ ಅವರಿಗೆ 2.26 ಕೋಟಿ ಕೊಟ್ಟಿತು. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಗಿ ಇಡೀ ಸೀಸನ್ ಹೊರಗೆ ಉಳಿದರು. ತಂಡ ಮುಗಿದೇ ಹೋಯಿತು ಎಂದು ಎಲ್ಲರೂ ಅಂದುಕೊಂಡರು. ಆದರೆ ನರೇಂದರ್ ಎಂಬ ಹೊಸ ಹುಡುಗ ರೈಡಿನ ಭಾರ ಹೊತ್ತ, ತಂಡ ಸೆಮಿಫೈನಲ್ ತಲುಪಿತು. ಮರುವರ್ಷ 2.605 ಕೋಟಿಯ ಕಥೆ. ತಂಡ ಕಟ್ಟಲು ಫ್ರಾಂಚೈಸಿಗಿದ್ದ ಒಟ್ಟು ಮಿತಿ 5 ಕೋಟಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಒಬ್ಬ ಆಟಗಾರನಿಗೆ ಹೋಯಿತು. ತಂಡಕ್ಕೆ ಹೆಚ್ಚು ಪಾಯಿಂಟ್ ತಂದವರೂ ಅವರೇ. ಆದರೂ ಟೈಟನ್ಸ್ 22 ಪಂದ್ಯಗಳಲ್ಲಿ 2 ಗೆದ್ದು ಕೊನೆಯಲ್ಲಿ ನಿಂತಿತು.

ಹಾಗಾದರೆ ದುಬಾರಿ ಆಟಗಾರ ಬೇಡವೇ? ಹಾಗೂ ಅಲ್ಲ. ಅದೇ 2023ರಲ್ಲಿ ಪುಣೇರಿ ಪಲ್ಟನ್ ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿ ಅವರನ್ನು 2.35 ಕೋಟಿಗೆ ಕೊಂಡು ಕಪ್ ಗೆದ್ದಿತು. ಅಸ್ಲಂ ಇನಾಮದಾರ್, ಮೋಹಿತ್ ಗೋಯತ್ ಅವರಂಥ ಎಳೆಯರನ್ನು ತಂಡ ಮೊದಲೇ ಬೆಳೆಸಿಟ್ಟುಕೊಂಡಿತ್ತು. ತರಬೇತುದಾರರು ನಮ್ಮ ಕರ್ನಾಟಕದ ಬಿ.ಸಿ. ರಮೇಶ್. ಏಳು ಜನ ಒಟ್ಟಿಗೆ ಚೈನ್ ಹಿಡಿದರೆ ಮಾತ್ರ ರೈಡರ್ ಬೀಳುತ್ತಾನೆ ಎಂಬುದು ನಮ್ಮ ಊರ ಹುಡುಗರಿಗೂ ಗೊತ್ತು. ಹರಾಜಿನಲ್ಲಿ ಕೂಗುವ ಬೆಲೆ ಆ ದಿನ ಆ ತಂಡಕ್ಕಿದ್ದ ಗರಜಿನ ಬೆಲೆ. ಅದು ಗೆಲುವಿನ ಖಾತ್ರಿಯಲ್ಲ, ಮನುಷ್ಯನ ಯೋಗ್ಯತೆಯ ಅಳತೆಯೂ ಅಲ್ಲ.

ಆ ಬೆಲೆ ನಿಲ್ಲುವುದೂ ಇಲ್ಲ. ಲೀಗ್‌ನಲ್ಲಿ 1,800ಕ್ಕೂ ಹೆಚ್ಚು ರೈಡ್ ಪಾಯಿಂಟ್ ಗಳಿಸಿದ 'ಡುಬ್ಕಿ ಕಿಂಗ್' ಪರ್ದೀಪ್ ನರ್ವಾಲ್ 2021ರಲ್ಲಿ 1.65 ಕೋಟಿಗೆ ಯು.ಪಿ. ಯೋಧಾ ಸೇರಿದರು. 2024ರಲ್ಲಿ ಬೆಂಗಳೂರು ಬುಲ್ಸ್‌ಗೆ ಬಂದಾಗ ಬೆಲೆ 70 ಲಕ್ಷ. 2025ರ ಹರಾಜಿನಲ್ಲಿ ಯಾರೂ ಕೂಗಲಿಲ್ಲ. ಅದಾದ ಮೇಲೆ ಅವರು ನಿವೃತ್ತಿ ಘೋಷಿಸಿದರು. ಅಂಥ ಆಟಗಾರನಿಗೇ ಹೀಗಾದರೆ, 9 ಲಕ್ಷದ ಮೂಲಬೆಲೆಯ 'ಡಿ' ವರ್ಗಕ್ಕಾದರೂ ಸೇರಬೇಕೆಂದು ಕನಸು ಕಾಣುವ ನನ್ನ ತಮ್ಮನ ಮಾತೇನು? ಒಂದು ವರ್ಷ ಲೀಗೇ ನಡೆಯದಿದ್ದರೆ? 2020ರಲ್ಲಿ ಕೋವಿಡ್‌ನಿಂದಾಗಿ ಸೀಸನ್ ನಡೆಯಲೇ ಇಲ್ಲ.

ಈ ಸಮಸ್ಯೆ ನಮ್ಮದೊಂದೇ ಅಲ್ಲ. ಅಮೆರಿಕ, ಕೆನಡಾಗಳಲ್ಲಿ ಮಂಜುಗಡ್ಡೆಯ ಮೇಲೆ ಸ್ಕೇಟ್ ಕಟ್ಟಿಕೊಂಡು ಆಡುವ ಐಸ್ ಹಾಕಿ ಇದೆ. ಅಲ್ಲಿನ ಎನ್‌ಎಚ್‌ಎಲ್ ಲೀಗ್‌ನಲ್ಲಿ ಟೊರಾಂಟೊ ಮೇಪಲ್ ಲೀಫ್ಸ್ ದೊಡ್ಡ ಶ್ರೀಮಂತ ತಂಡ. ಆದರೂ 1967ರ ನಂತರ ಅದು ಸ್ಟ್ಯಾನ್ಲಿ ಕಪ್ ಗೆದ್ದಿಲ್ಲ. ಅಲ್ಲಿಯೂ ಹಣಕ್ಕೆ ಗೆಲುವು ಕಟ್ಟುಬಿದ್ದಿಲ್ಲ. ಆದರೆ ಅದೇ 1967ರಲ್ಲಿ ಆಟಗಾರರು ತಮ್ಮ ಸಂಘ ಕಟ್ಟಿಕೊಂಡರು. ಸಂಬಳದ ಮಿತಿಯ ವಿಷಯದಲ್ಲಿ ಮಾಲೀಕರಿಗೂ ಆಟಗಾರರಿಗೂ ಜಗಳ ಹತ್ತಿ 2004-05ರ ಇಡೀ ಸೀಸನ್ ರದ್ದಾಯಿತು. ಕೊನೆಗೆ ಮಿತಿ ಬಂತು, ಆಟಗಾರರು ಒಪ್ಪಿದರು. ಆದರೆ ಒಪ್ಪಂದವನ್ನು ಎದುರು-ಬದುರು ಕೂತು ಬರೆಸಿಕೊಂಡರು. ಅಲ್ಲಿ ಹಲವು ವರ್ಷಗಳ ಒಪ್ಪಂದ ಸಿಗುತ್ತದೆ, ಆಟದಲ್ಲಿ ಗಾಯವಾದರೆ ಸಂಬಳ ನಿಲ್ಲುವುದಿಲ್ಲ. ಮಾಲೀಕರ ಕರುಣೆಯಿಂದ ಬಂದದ್ದಲ್ಲ ಅದು, ಕಾಗದದಲ್ಲಿ ಬರೆದದ್ದರಿಂದ ಬಂದದ್ದು.

ನಮ್ಮಲ್ಲಿ ಟಿ.ವಿ.ಯಲ್ಲಿ ಕಾಣುವ ದೊಡ್ಡ ಲೀಗ್‌ನ ಕೆಳಗೆ ಊರೂರಿನ ಸಣ್ಣ ಲೀಗ್‌ಗಳಿವೆ. ಹೆಚ್ಚಿನ ಹುಡುಗರು ಆಡುವುದು ಅಲ್ಲಿ. ಬಹುಮಾನದ ಮೊತ್ತ ಬ್ಯಾನರಿನಲ್ಲಿ ದೊಡ್ಡದಾಗಿ ಇರುತ್ತದೆ. ಆಟಗಾರನಿಗೆ ವಿಮೆ ಇದೆಯೇ, ಹಣ ಯಾವಾಗ ಕೊಡುತ್ತಾರೆ ಎಂಬುದು ಯಾವ ಬ್ಯಾನರಿನಲ್ಲೂ ಇರುವುದಿಲ್ಲ. ಪಂದ್ಯಾವಳಿ ನಡೆಸುವವರು ಆಟಗಾರರಿಗೆ ಅಪಘಾತ ವಿಮೆ ಮಾಡಿಸಿದ ಮೇಲಷ್ಟೇ ಅನುಮತಿ ಸಿಗುವಂತಾಗಲಿ. ಕಬಡ್ಡಿ ಸಂಸ್ಥೆಗಳು ಕನ್ನಡದಲ್ಲಿ ಒಂದೇ ಪುಟದ ಮಾದರಿ ಒಪ್ಪಂದ ಸಿದ್ಧಪಡಿಸಲಿ. ನಮ್ಮ ಗಡಿ ಭಾಗಕ್ಕೆ ಅದು ಮರಾಠಿಯಲ್ಲೂ ಇರಲಿ. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು ರೈಡ್, ಕ್ಯಾಚ್ ಕಲಿಸಿದಂತೆ ಆ ಪುಟವನ್ನು ಓದುವುದನ್ನೂ ಕಲಿಸಲಿ. ಇದಕ್ಕೆ ಕೋಟಿಗಳು ಬೇಕಿಲ್ಲ.

ಅಲ್ಲಿಯವರೆಗೆ ನಮ್ಮ ಎಚ್ಚರ ನಮ್ಮದು. ಗೆಳೆಯರೇ, ಯಾರಾದರೂ ಕಾಗದ ಮುಂದಿಟ್ಟರೆ ಐದು ಪ್ರಶ್ನೆ ಕೇಳಿ. ಎಷ್ಟು ದಿನದ ಒಪ್ಪಂದ? ಹಣ ಯಾವ ತಾರೀಖಿಗೆ, ಯಾರ ಖಾತೆಗೆ? ಗಾಯವಾದರೆ ಖರ್ಚು ಯಾರದು? ಪರೀಕ್ಷೆಗೆ, ಕಾಲೇಜಿನ ಪಂದ್ಯಗಳಿಗೆ ಬಿಡುತ್ತೀರಾ? ಸಹಿಯಾದ ಪ್ರತಿಯೊಂದು ನನ್ನ ಕೈಗೆ ಕೊಡುತ್ತೀರಾ? ಹದಿನೆಂಟು ತುಂಬದವರ ಸಹಿಗೆ ಕಾನೂನಿನಲ್ಲಿ ಬೆಲೆಯಿಲ್ಲ ಎಂಬುದೂ ನೆನಪಿರಲಿ. ಒಂದು ರಾತ್ರಿ ಕಾಯಲು ಒಪ್ಪದ ಒಪ್ಪಂದಕ್ಕೆ ಸಹಿ ಹಾಕದಿರುವುದೇ ಲೇಸು.

ಇನ್ನೊಂದು ಮಾತು. ನಮ್ಮ ಹಿರಿಯರು ಕಬಡ್ಡಿ ಆಡಿ ರೈಲ್ವೆ, ಬ್ಯಾಂಕ್, ಪೊಲೀಸ್ ಕೆಲಸ ಹಿಡಿದರು. ಆ ದಾರಿ ಇನ್ನೂ ಮುಚ್ಚಿಲ್ಲ. ಲೀಗ್‌ನ ಎಷ್ಟೋ ದೊಡ್ಡ ಆಟಗಾರರು ಇಂದಿಗೂ ರೈಲ್ವೆ, ಸರ್ವಿಸಸ್ ತಂಡಗಳಿಗೆ ಆಡುತ್ತಾರೆ. ಆದರೆ ಕ್ರೀಡಾ ಕೋಟಾದ ಅರ್ಜಿಯಲ್ಲಿ ಆಟದ ಪ್ರಮಾಣಪತ್ರದ ಜೊತೆಗೆ ವಿದ್ಯಾರ್ಹತೆಯ ಕಾಲಮ್ಮೂ ಇರುತ್ತದೆ. ಅದನ್ನು ಖಾಲಿ ಬಿಟ್ಟರೆ ಎಂಥ ರೈಡರ್ ಆದರೂ ಲಾಬಿಯಲ್ಲೇ ಔಟ್.

ಮೊನ್ನೆ ತಮ್ಮ ಆ ಐದು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ತಂಡದವರ ಹತ್ತಿರ ಹೋದ. ಜೊತೆಗೆ ನಾನೂ ಹೋಗಿದ್ದೆ. ಮೂರಕ್ಕೆ ಅಲ್ಲೇ ಉತ್ತರ ಸಿಕ್ಕಿತು. ಗಾಯದ ಖರ್ಚು, ಪರೀಕ್ಷೆಯ ರಜೆ, ಈ ಎರಡಕ್ಕೆ ವಿಚಾರಿಸಿ ಹೇಳುತ್ತೇವೆ ಎಂದರು. ತಮ್ಮನ ಮುಖ ಸಣ್ಣದಾಯಿತು. ಬೈಕಿನ ಹಿಂದೆ ಕೂತು ಊರು ಬರುವತನಕ ಮಾತಾಡಲಿಲ್ಲ. ಮನೆ ಬಾಗಿಲಿಗೆ ಬಂದ ಮೇಲೆ, 'ಅವರ ಬರದ ಕೊಡೂತನಕ ಸಹಿ ಮಾಡಂಗಿಲ್ಲ, ಅಣ್ಣಾ' ಎಂದ.

ಸೋಮವಾರ ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಕಾಲೇಜಿಗೆ ಹೋದ. ಸಂಜೆ ಎಂದಿನಂತೆ ಮೈದಾನದಲ್ಲಿದ್ದ. ಸದ್ಯಕ್ಕೆ ನನಗೆ, ಅವ್ವನಿಗೆ ಇಷ್ಟು ಸಾಕು.