ಅಡಿಗೆ ಪುಸ್ತಕವೂ ಮಂಚದ ಕೆಳಗಿನ ಕಟ್ಟುಗಳೂ

ತಿರುವನಂತಪುರದ ನಮ್ಮ ಮನೆಯಲ್ಲಿ ಮಂಚದ ಕೆಳಗೆ ಪುಸ್ತಕದ ಕಟ್ಟುಗಳಿವೆ. ನಮ್ಮ ತಾಯಿಯವರ ಅಡಿಗೆಯ ಟಿಪ್ಪಣಿಗಳನ್ನು ಎರಡು ವರ್ಷದ ಹಿಂದೆ ನಮ್ಮ ಖರ್ಚಿನಲ್ಲಿಯೇ ಅಚ್ಚು ಹಾಕಿಸಿದೆವು. ಐನೂರು ಪ್ರತಿ ಮಾಡಿಸಿದರೆ ಪ್ರತಿಯೊಂದರ ವೆಚ್ಚ ಇಳಿಯುತ್ತದೆಂದು ಮುದ್ರಕರು ಹೇಳಿದ ಲೆಕ್ಕ ಸರಿಯಾಗಿಯೇ ಇತ್ತು. ಕೊಳ್ಳುವವರೆಷ್ಟು ಎಂಬ ಲೆಕ್ಕ ಮಾತ್ರ ನಮ್ಮದು. ಕಛೇರಿಯಲ್ಲಿ ಹಗಲೆಲ್ಲ ಲೆಕ್ಕ ಬರೆಯುವ ನಾವು ಅದನ್ನೇ ಮರೆತೆವು! ನೂರು ಪ್ರತಿ ನಂಟರಿಗೆ ಉಡುಗೊರೆಯಾದವು. ಮಿಕ್ಕವು ಮಂಚದ ಕೆಳಗೆ ಸೇರಿದವು.

ಕಾರಣ ತಿಳಿದದ್ದು ಕೊಚ್ಚಿಯಿಂದ ಬಂದ ಒಂದು ದೂರವಾಣಿ ಕರೆಯಿಂದ. ಇಲ್ಲಿಯೇ ಹುಟ್ಟಿ ಬೆಳೆದ ಕನ್ನಡದ ಹೆಣ್ಣುಮಗಳೊಬ್ಬಳು, “ಪುಸ್ತಕ ಚೆನ್ನಾಗಿದೆ. ಆದರೆ ಪಾವು ಎಂದರೆ ಎಷ್ಟು? ಚಟಾಕು ಎಂದರೇನು?” ಎಂದು ಕೇಳಿದಳು. ತಾಯಿಯವರನ್ನು ಕೇಳಿದೆವು. “ನನ್ನ ಕೈಗೆ ಗೊತ್ತು” ಎಂದರು. ಆ ಕೈ ಈಗ ನಡುಗುತ್ತಿದೆ. ನಾಳೆ ಯಾರನ್ನು ಕೇಳುವುದು? ನಾಲ್ಕು ಭಾನುವಾರ ಕುಳಿತು, ಅವರು ಹಿಡಿಯಲ್ಲಿ ತೆಗೆದುದನ್ನೆಲ್ಲ ನಾವು ತಕ್ಕಡಿಯಲ್ಲಿ ತೂಗಿ ಬರೆದುಕೊಂಡೆವು. ಆ ಅಳತೆಗಳ ಹಾಳೆಯನ್ನು ಪುಸ್ತಕದೊಳಗಿಟ್ಟು ಕೊಟ್ಟ ಮೇಲೆ ಕಟ್ಟುಗಳು ಮೆಲ್ಲಗೆ ಕರಗತೊಡಗಿವೆ.

ನಮಗಿಂತ ಮೊದಲೇ ಇದನ್ನು ಅರಿತವರಿದ್ದರು. ಮದರಾಸಿನ ಎಸ್. ಮೀನಾಕ್ಷಿ ಅಮ್ಮಾಳ್ 1951ರಲ್ಲಿ ‘ಸಮೈತ್ತು ಪಾರ್’ ಎಂಬ ತಮಿಳು ಪುಸ್ತಕವನ್ನು ತಾವೇ ಪ್ರಕಟಿಸಿದರು. ಅಡಿಗೆ ತಿಳಿಯದ ಹೊಸ ಗೃಹಿಣಿಗೂ ಅರ್ಥವಾಗುವಂತೆ ಒಂದೊಂದು ಹೆಜ್ಜೆಯನ್ನೂ ಬಿಡಿಸಿ ಬರೆದರು. ಮದುವೆಯ ಉಡುಗೊರೆಯಾಗಿ ಅದು ಮನೆಮನೆ ಸೇರಿತು, ಕನ್ನಡಕ್ಕೂ ಬಂತು. ಮುಂಬಯಿಯ ಸಾರಸ್ವತ ಮಹಿಳಾ ಸಮಾಜ 1943ರಲ್ಲಿ ಮರಾಠಿಯಲ್ಲಿ ‘ರಸಚಂದ್ರಿಕಾ’ ತಂದಿತು. ಬರೆದವರು ಅಂಬಾಬಾಯಿ ಸಂಸಿ. ಕೆನರಾ ಸೀಮೆಯಿಂದ ಹೊಟ್ಟೆಪಾಡಿಗೆ ಊರು ಬಿಟ್ಟವರ ಅಡಿಗೆ ಅದು. ಅಲ್ಲಿ ಪ್ರಕಾಶಕರೂ ಸಮಾಜವೇ, ಮೊದಲ ಓದುಗರೂ ಸಮಾಜವೇ. ಇನ್ನು ನಾವಿರುವ ಈ ಕೇರಳದಲ್ಲಿಯೇ, 1945ರಲ್ಲಿ ಕೋಟ್ಟಯಂನಲ್ಲಿ ಹನ್ನೆರಡು ಮಂದಿ ಲೇಖಕರು 120 ರೂಪಾಯಿ ಬಂಡವಾಳದಿಂದ ಸಾಹಿತ್ಯ ಪ್ರವರ್ತಕ ಸಹಕಾರ ಸಂಘವನ್ನು ಕಟ್ಟಿದರು. ಒಬ್ಬೊಬ್ಬರೇ ಹೊರಲಾರದ ಹೊರೆಯನ್ನು ಕೂಡಿ ಹೊತ್ತರು.

ಆದುದರಿಂದ, ಅಜ್ಜಿಯ ಟಿಪ್ಪಣಿಯನ್ನು ಅಚ್ಚು ಹಾಕಿಸಬೇಕೆಂಬ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ಮೊದಲು ಐವತ್ತು ಪ್ರತಿ ಸಾಕು. ಈಗಿನ ಡಿಜಿಟಲ್ ಮುದ್ರಣದಲ್ಲಿ ಪ್ರತಿಯೊಂದಕ್ಕೆ ವೆಚ್ಚ ಹೆಚ್ಚಾದರೂ ಮಂಚದ ಕೆಳಗೆ ಏನೂ ಉಳಿಯದು. ಐ.ಎಸ್.ಬಿ.ಎನ್. ಸಂಖ್ಯೆಯನ್ನು ರಾಜಾ ರಾಮಮೋಹನ್ ರಾಯ್ ಹೆಸರಿನ ಕೇಂದ್ರ ಸರಕಾರದ ಸಂಸ್ಥೆ ಶುಲ್ಕವಿಲ್ಲದೆ ಕೊಡುತ್ತದೆ. ಅದಕ್ಕಾಗಿ ಯಾರಿಗೂ ಹಣ ತೆರಬೇಡಿರಿ. ಸಂಘದ ಸದಸ್ಯರಿಂದ ಮುಂಗಡವಾಗಿ ಹೆಸರು ಬರೆಸಿಕೊಂಡು ಆಮೇಲೆ ಮುದ್ರಕರ ಬಳಿಗೆ ಹೋಗಿರಿ. ಎಲ್ಲಕ್ಕಿಂತ ಮೊದಲು, ಅಜ್ಜಿಯ ಪಕ್ಕದಲ್ಲಿ ತಕ್ಕಡಿ ಇಟ್ಟುಕೊಂಡು ಕುಳಿತುಕೊಳ್ಳಿರಿ.

ಮೊನ್ನೆ ಆ ಕೊಚ್ಚಿಯ ಹೆಣ್ಣುಮಗಳು ಮತ್ತೆ ಕರೆ ಮಾಡಿದ್ದಳು. ಹುಳಿ ಸರಿಯಾಯಿತಂತೆ. ತಾಯಿಯವರು ಅದನ್ನು ಕೇಳಿ, “ಇಂಗು ಹಾಕಿದಳೋ ಇಲ್ಲವೋ ವಿಚಾರಿಸು” ಎಂದರು. ಹಾಕಿದ್ದಳು.