ಮುಪ್ಪಿನ ಮನೆಯಲ್ಲಿ ಮೊದಲು ಏಳಬೇಕಾದವರು ಯಾರು?

ಚಳಿಗಾಲವನ್ನು ವಿಶ್ವಾಸಿಯ ವಸಂತಕಾಲವೆಂದು ನಮ್ಮ ಹಿರಿಯರು ಕರೆದಿರುವುದುಂಟು. ಹಗಲು ಕಿರಿದಾಗಿರುವುದರಿಂದ ಉಪವಾಸ ಹಗುರವಾಗುತ್ತದೆ. ಇರುಳು ದೀರ್ಘವಾಗಿರುವುದರಿಂದ ನಿದ್ದೆಯೂ ಸಾಲುತ್ತದೆ, ತಹಜ್ಜುದ್ ನಮಾಝಿಗೆ ಸಮಯವೂ ಉಳಿಯುತ್ತದೆ ಎಂಬುದು ಅವರ ಆಶಯ. ಡಿಸೆಂಬರ್ ತಿಂಗಳು ಬಂತೆಂದರೆ ಮಸೀದಿಯ ಮಿಂಬರ್‌ಗಳಿಂದಲೂ ಈ ಮಾತು ಕೇಳಿಬರುತ್ತದೆ. ಮಾತು ಸರಿಯಾದುದೇ. ಆದರೆ ಎಪ್ಪತ್ತರ ಅಂಚಿನಲ್ಲಿರುವ ದಂಪತಿಗಳಿಬ್ಬರೇ ಉಳಿದಿರುವ ಮನೆಯಲ್ಲಿ ಈ ವಸಂತವನ್ನು ಬರಮಾಡಿಕೊಳ್ಳಲು ಯಾರು ಮೊದಲು ಹಾಸಿಗೆ ಬಿಟ್ಟೇಳುತ್ತಾರೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಅಪರೂಪ.

ಮೂಡಿಗೆರೆ, ಸಕಲೇಶಪುರ, ಕೊಪ್ಪ, ಸೋಮವಾರಪೇಟೆಯ ಕಡೆಯ ನಮ್ಮ ಮನೆಗಳನ್ನೇ ನೋಡೋಣ. ಎಂಟು ಹತ್ತು ಮಂದಿಗೆಂದು ಕಟ್ಟಿಸಿದ ಹೆಂಚಿನ ಮನೆ. ಇಂದು ಅದರಲ್ಲಿ ವಾಸವಿರುವವರು ಇಬ್ಬರೇ. ಒಬ್ಬ ಮಗ ಬೆಂಗಳೂರಿನಲ್ಲಿ, ಇನ್ನೊಬ್ಬ ಗಲ್ಫ್‌ನಲ್ಲಿ. ಹೆಣ್ಣುಮಕ್ಕಳು ತಮ್ಮ ತಮ್ಮ ಗಂಡನ ಮನೆಗಳಲ್ಲಿ. ಕಾಫಿ ಕೊಯ್ಲಿನ ದಿನಗಳಲ್ಲಿ ಮಂಜು ಅಂಗಳಕ್ಕಿಳಿದು ಕುಳಿತಿರುತ್ತದೆ, ಕೆಂಪು ಗಾರೆಯ ನೆಲ ಕಾಲಿಟ್ಟರೆ ಕೊರೆಯುತ್ತದೆ. ಸುಬಹ್ ಅಝಾನ್‌ಗೆ ಎಷ್ಟೋ ಮೊದಲೇ ಮನೆಯ ಹಿರಿಯ ಹೆಂಗಸು ಎದ್ದಿರುತ್ತಾಳೆ. ಇಬ್ಬನಿಗೆ ತೊಯ್ದ ಸೌದೆಯನ್ನು ಊದಿ ಊದಿ ಬಚ್ಚಲೊಲೆ ಹೊತ್ತಿಸುತ್ತಾಳೆ. ಹಂಡೆಯ ನೀರು ಕಾದ ಬಳಿಕ ಯಜಮಾನರನ್ನು ಎಬ್ಬಿಸುತ್ತಾಳೆ. ಅವರು ಬಿಸಿನೀರಿನಲ್ಲಿ ವುಝೂ ಮಾಡಿ, ಶಾಲು ಹೊದ್ದು ಮಸೀದಿಗೆ ಹೋಗುತ್ತಾರೆ. ಹಿಂದಿರುಗುವಷ್ಟರಲ್ಲಿ ಚಹಾ ಸಿದ್ಧವಾಗಿರಬೇಕು, ಅಕ್ಕಿ ರೊಟ್ಟಿಯ ಹಿಟ್ಟು ಬೆಂದಿರಬೇಕು. ಬಿಸಿಲೇರಿದ ಮೇಲೆ ಅವರು ಜಗಲಿಯಲ್ಲಿ ಪತ್ರಿಕೆ ಹಿಡಿದು ಕೂರುತ್ತಾರೆ. ಆಕೆ ತಣ್ಣೀರಿನಲ್ಲಿ ಪಾತ್ರೆ ತಿಕ್ಕುತ್ತಿರುತ್ತಾಳೆ.

ಇದರಲ್ಲಿ ಯಾರ ಕ್ರೌರ್ಯವೂ ಇಲ್ಲ, ಇರುವುದು ರೂಢಿ. ಯೌವನದಲ್ಲಿ ಈ ವಿಭಜನೆಗೆ ಅರ್ಥವಿತ್ತು. ಆತ ತೋಟದಲ್ಲೋ ಅಂಗಡಿಯಲ್ಲೋ ಮರದ ವ್ಯಾಪಾರದಲ್ಲೋ ಮೈ ಮುರಿದು ದುಡಿಯುತ್ತಿದ್ದ, ಆಕೆ ಮನೆ ನೋಡಿಕೊಳ್ಳುತ್ತಿದ್ದಳು. ಇಂದು ಆತನ ದುಡಿಮೆಗೆ ವಿರಾಮ ದೊರೆತಿದೆ; ಆಕೆಯ ದುಡಿಮೆಗೆ ದೊರೆತಿಲ್ಲ. ಆತನ ಮೊಣಕಾಲಿನಷ್ಟೇ ಆಕೆಯ ಮೊಣಕಾಲೂ ಸವೆದಿದೆ. ಮಕ್ಕಳನ್ನು ಕೇಳಿದರೆ, ‘ಉಮ್ಮನಿಗೆ ಸುಮ್ಮನೆ ಕುಳಿತು ಗೊತ್ತೇ ಇಲ್ಲ’ ಎಂದು ಹೆಮ್ಮೆಯಿಂದ ಹೇಳುತ್ತಾರೆ. ಕುಳಿತುಕೊಳ್ಳಲು ಆಕೆಗೆ ಯಾರಾದರೂ ಅವಕಾಶ ಕೊಟ್ಟು ನೋಡಿದ್ದಾರೆಯೇ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ದಾಂಪತ್ಯವನ್ನು ತನ್ನ ನಿದರ್ಶನಗಳಲ್ಲೊಂದೆಂದು ಅಲ್ಲಾಹನು ಸೂರಃ ಅರ್‍ರೂಮ್‌ನಲ್ಲಿ ತಿಳಿಸಿದ್ದಾನೆ. ಅಲ್ಲಿ ದಂಪತಿಗಳ ನಡುವೆ ತಾನು ಇರಿಸಿದ ಎರಡು ಸಂಗತಿಗಳನ್ನು ಅವನು ಹೆಸರಿಸುತ್ತಾನೆ: ಒಂದು ಪ್ರೇಮ, ಇನ್ನೊಂದು ಕರುಣೆ. ಪ್ರೇಮವೊಂದೇ ಸಾಕಾಗಿದ್ದರೆ ಕರುಣೆಯನ್ನು ಪ್ರತ್ಯೇಕವಾಗಿ ಹೆಸರಿಸುವ ಅಗತ್ಯವೇನಿತ್ತು? ಬದುಕಿನಲ್ಲಿ ರೂಪ ಮಾಸುವ, ಶಕ್ತಿ ಕುಂದುವ, ಮಾತು ಕಡಿಮೆಯಾಗುವ ಒಂದು ಕಾಲ ಬರುತ್ತದೆ. ಆಗ ಮನೆಯನ್ನು ಎತ್ತಿ ಹಿಡಿಯುವುದು ಕರುಣೆಯೇ ಎಂದು ನಾವು ಅರ್ಥೈಸಿಕೊಳ್ಳುತ್ತೇವೆ. ಸೂರಃ ಅಲ್‌ಬಕರದಲ್ಲಿ ಪತಿಪತ್ನಿಯರನ್ನು ಪರಸ್ಪರರ ಉಡುಪಿಗೆ ಹೋಲಿಸಲಾಗಿದೆ. ಉಡುಪಿನ ಬೆಲೆ ತಿಳಿಯುವುದು ಚಳಿಯಲ್ಲಿ. ಒಬ್ಬರು ಬೆಚ್ಚಗಿದ್ದು ಇನ್ನೊಬ್ಬರು ನಡುಗುತ್ತಿದ್ದರೆ ಆ ಹೋಲಿಕೆಯ ಅರ್ಧವನ್ನು ಮಾತ್ರ ನಾವು ಪಾಲಿಸಿದಂತಾಯಿತು.

ಕುರ್‌ಆನ್ ಮುಪ್ಪಿನ ದಾಂಪತ್ಯವನ್ನು ಮರೆತಿಲ್ಲವೆಂಬುದು ಗಮನಾರ್ಹ. ಪ್ರವಾದಿ ಝಕರಿಯ್ಯಾ(ಅ) ತಮ್ಮ ಎಲುಬುಗಳು ದುರ್ಬಲವಾದುದನ್ನೂ ತಲೆ ನರೆತುದನ್ನೂ ಪ್ರಾರ್ಥನೆಯಲ್ಲಿ ನಿವೇದಿಸಿಕೊಳ್ಳುವುದನ್ನು ಸೂರಃ ಮರ್ಯಮ್‌ನಲ್ಲಿ ಓದುತ್ತೇವೆ. ಪ್ರವಾದಿ ಇಬ್ರಾಹೀಮ್(ಅ) ಮತ್ತು ಅವರ ಪತ್ನಿಯ ಮುಪ್ಪಿನ ಮನೆಗೆ ಅಪರಿಚಿತ ಅತಿಥಿಗಳು ಬಂದ ಪ್ರಸಂಗ ಸೂರಃ ಹೂದ್‌ನಲ್ಲಿಯೂ ಸೂರಃ ಅದ್ದಾರಿಯಾತ್‌ನಲ್ಲಿಯೂ ಇದೆ. ಅಲ್ಲಿ ಇಬ್ರಾಹೀಮರು ಸದ್ದಿಲ್ಲದೆ ಒಳಗೆ ಹೋಗಿ, ಹುರಿದ ಕರುವಿನ ಮಾಂಸವನ್ನು ತಾವೇ ತಂದು ಅತಿಥಿಗಳ ಹತ್ತಿರಕ್ಕೆ ಇರಿಸುತ್ತಾರೆ. ಅಲ್ಲಾಹನ ಮಿತ್ರನೆಂಬ ಬಿರುದು ಪಡೆದ ಆ ವೃದ್ಧ ಪ್ರವಾದಿ ಕುಳಿತಲ್ಲಿಂದಲೇ ಆಜ್ಞೆ ಮಾಡಲಿಲ್ಲ. ಎದ್ದು ನಡೆದರು, ಕೈಯಾರೆ ತಂದರು.

ಪ್ರವಾದಿ ಮುಹಮ್ಮದ್(ಸ) ಮನೆಯಲ್ಲಿ ಏನು ಮಾಡುತ್ತಿದ್ದರು ಎಂದು ಹಝ್ರತ್ ಆಯಿಶಾ(ರ)ರನ್ನು ಕೇಳಿದಾಗ, ಅವರು ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರು, ನಮಾಝಿನ ವೇಳೆಯಾದಾಗ ಹೊರಡುತ್ತಿದ್ದರು ಎಂಬರ್ಥದ ಉತ್ತರ ಕೊಟ್ಟುದನ್ನು ಇಮಾಮ್ ಬುಖಾರಿ ವರದಿ ಮಾಡಿದ್ದಾರೆ. ತಮ್ಮ ಪಾದರಕ್ಷೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರೆಂಬ ವರದಿಗಳೂ ಇವೆ. ಈ ಹದೀಸನ್ನು ನಮ್ಮಲ್ಲಿ ನವವಿವಾಹಿತರಿಗೆ ನಿಕಾಹಿನ ದಿನ ಹೇಳುತ್ತಾರೆ. ಮದುವೆಯಾಗಿ ನಲವತ್ತು ವರ್ಷ ಕಳೆದವರಿಗೂ ಅದನ್ನು ಹೇಳುವ ಅಗತ್ಯವಿದೆಯೆಂದು ನಮ್ಮ ಅಭಿಪ್ರಾಯ. ಹಿರಾ ಗುಹೆಯಿಂದ ನಡುಗುತ್ತಾ ಬಂದ ಪತಿಯನ್ನು ಹಝ್ರತ್ ಖದೀಜಾ(ರ) ಹೊದಿಕೆ ಹೊದಿಸಿ ಸಂತೈಸಿದ್ದನ್ನು ನಾವು ಪತ್ನಿಯ ಸೇವೆಗೆ ಮಾದರಿಯಾಗಿ ಹೇಳುತ್ತಲೇ ಬಂದಿದ್ದೇವೆ. ಆ ಹೊದಿಕೆಯ ಋಣವನ್ನು ಪ್ರವಾದಿವರ್ಯರು(ಸ) ಅವರ ಮರಣಾನಂತರವೂ ನೆನೆಯುತ್ತಿದ್ದರು. ಕುರಿ ಕೊಯ್ದಾಗ ಖದೀಜಾರ ಗೆಳತಿಯರಿಗೆ ಪಾಲು ಕಳುಹಿಸುತ್ತಿದ್ದರು. ನಮ್ಮ ಮನೆಗಳಲ್ಲಿ ಹೊದಿಸುವ ಕೈ ಇನ್ನೂ ಜೀವಂತವಾಗಿರುವಾಗಲೇ ಅದರ ಋಣ ತೀರಿಸುವ ಅವಕಾಶವಿದೆ.

‘ಈ ವಯಸ್ಸಿನಲ್ಲಿ ಗಂಡಸು ಒಲೆಯ ಮುಂದೆ ಕುಳಿತರೆ ಜನ ಏನೆಂದಾರು?’ ಎಂಬ ಆಕ್ಷೇಪವಿದೆ. ಜನರ ಮಾತನ್ನು ಬದಿಗಿಟ್ಟು ಫಿಕ್‌ಹ್‌ನ ಗ್ರಂಥಗಳನ್ನು ತೆರೆದರೆ ಬೇರೆಯೇ ಚಿತ್ರ ಕಾಣುತ್ತದೆ. ಅಡುಗೆ ಮತ್ತು ಮನೆಗೆಲಸ ಪತ್ನಿಯ ಕಡ್ಡಾಯ ಹೊಣೆಯಲ್ಲವೆಂಬುದು ಶಾಫಿಈ ಮದ್‌ಹಬ್‌ನ ಪ್ರಸಿದ್ಧ ನಿಲುವು. ಹನಫೀ ವಿದ್ವಾಂಸರು ಅದನ್ನು ಆಕೆಯ ಧಾರ್ಮಿಕ ಕರ್ತವ್ಯವೆಂದರೂ ನ್ಯಾಯಾಲಯದ ಮೂಲಕ ಬಲವಂತ ಮಾಡಲಾಗದೆಂದಿದ್ದಾರೆ. ಅಂದರೆ ನಲವತ್ತು ವರ್ಷ ನಮ್ಮ ತಾಯಂದಿರು ಮಾಡಿಕೊಂಡು ಬಂದುದರಲ್ಲಿ ಹೆಚ್ಚಿನ ಪಾಲು ಅವರ ಔದಾರ್ಯ. ಔದಾರ್ಯವನ್ನು ಹಕ್ಕೆಂದು ಎಣಿಸಿದ ಮನೆಯಲ್ಲಿ ಕೃತಜ್ಞತೆ ಬತ್ತಿಹೋಗುತ್ತದೆ.

ಇನ್ನು ದೇಹದ ಸ್ಥಿತಿಯನ್ನು ನೋಡೋಣ. ವಯಸ್ಸಾದಂತೆ ಚರ್ಮ ತೆಳುವಾಗುತ್ತದೆ, ಮೈಯ ಶಾಖವನ್ನು ಕಾಯ್ದುಕೊಳ್ಳುವ ಶಕ್ತಿ ಇಳಿಯುತ್ತದೆ. ಚಳಿಗೆ ರಕ್ತನಾಳಗಳು ಸಂಕೋಚಗೊಂಡು ರಕ್ತದೊತ್ತಡ ಏರುತ್ತದೆ. ಹೃದ್ರೋಗಿಗಳಿಗೆ ಮುಂಜಾನೆಯ ಚಳಿ ಅಪಾಯಕಾರಿ. ಕೀಲುಗಳು ಬಿಗಿದುಕೊಳ್ಳುತ್ತವೆ. ಬಾಯಾರಿಕೆ ತೋರದ ಕಾರಣ ನೀರು ಕುಡಿಯುವುದೂ ಕಡಿಮೆಯಾಗುತ್ತದೆ. ಇದು ಗಂಡಿಗೂ ಹೆಣ್ಣಿಗೂ ಸಮಾನ. ಆದುದರಿಂದ ಮುಂಜಾನೆಯ ಕೆಲಸವನ್ನು ಹಂಚಿಕೊಳ್ಳುವುದು ಇಬ್ಬರ ಆರೋಗ್ಯದ ಪ್ರಶ್ನೆಯೂ ಹೌದು. ಸೌದೆಯನ್ನು ಹಿಂದಿನ ಸಂಜೆಯೇ ಒಳಗೆ ತಂದಿಡುವುದು, ಹಂಡೆ ತುಂಬಿಸುವುದು, ಒಂದು ದಿನ ಆಕೆ ಎದ್ದರೆ ಮರುದಿನ ತಾನು ಎದ್ದು ಒಲೆ ಹಚ್ಚುವುದು, ಫ್ಲಾಸ್ಕಿನಲ್ಲಿ ಬಿಸಿನೀರು ತುಂಬಿ ಆಕೆಯ ಕೈಗೆಟಕುವಂತೆ ಇಡುವುದು, ಚಹಾ ಕುಡಿದ ಲೋಟವನ್ನು ತಾನೇ ತೊಳೆಯುವುದು – ಇವು ಯಾವ ಗಂಡಸಿಗೂ ಅಸಾಧ್ಯವಲ್ಲ. ಪತ್ನಿಯ ಬಾಯಿಗಿಡುವ ತುತ್ತಿಗೂ ಪ್ರತಿಫಲವಿದೆಯೆಂದು ಪ್ರವಾದಿವರ್ಯರು(ಸ) ಸಅದ್ ಬಿನ್ ಅಬೀ ವಕ್ಕಾಸ್(ರ)ರಿಗೆ ಕಲಿಸಿದ್ದರು. ಆಕೆಯ ವುಝೂವಿಗೆ ಕಾಯಿಸಿದ ನೀರಿಗೆ ಪ್ರತಿಫಲವಿರದೆಂದು ಯಾರು ಹೇಳಿಯಾರು?

ಧರ್ಮವು ಕೊಟ್ಟ ಸೌಲಭ್ಯಗಳನ್ನು ಬಿಟ್ಟು ಚಳಿಯೊಡನೆ ಸೆಣಸುವ ಹಿರಿಯರೂ ನಮ್ಮಲ್ಲಿದ್ದಾರೆ. ಕಷ್ಟದ ವೇಳೆಯಲ್ಲಿಯೂ ವುಝೂವನ್ನು ಪೂರ್ಣವಾಗಿ ಮಾಡುವುದಕ್ಕೆ ಪುಣ್ಯವಿದೆಯೆಂಬುದು ಸಹೀಹ್ ಮುಸ್ಲಿಮ್‌ನ ಹದೀಸಿನಲ್ಲಿ ಬಂದಿದೆ ನಿಜ. ಅದರರ್ಥ ಬಿಸಿನೀರು ಇದ್ದೂ ತಣ್ಣೀರಿಗೆ ಕೈಯೊಡ್ಡಬೇಕೆಂದಲ್ಲ. ಖಲೀಫಾ ಉಮರ್(ರ) ಬಿಸಿನೀರಿನಿಂದ ವುಝೂ ಮಾಡಿದ್ದನ್ನು ಇಮಾಮ್ ಬುಖಾರಿ ಉಲ್ಲೇಖಿಸಿದ್ದಾರೆ. ಪೂರ್ಣ ವುಝೂ ಮಾಡಿ ಚರ್ಮದ ಕಾಲುಚೀಲ ತೊಟ್ಟವರು ಊರಿನಲ್ಲಿರುವಾಗ ಒಂದು ಹಗಲು ಒಂದು ರಾತ್ರಿಯವರೆಗೆ ಕಾಲು ತೊಳೆಯುವ ಬದಲು ಅದರ ಮೇಲೆ ಒದ್ದೆಗೈಯಿಂದ ಸವರಿದರೆ ಸಾಕು. ಸಾಮಾನ್ಯ ಬಟ್ಟೆಯ ಕಾಲುಚೀಲದ ಬಗ್ಗೆ ಭಿನ್ನಾಭಿಪ್ರಾಯವಿರುವುದರಿಂದ ತಮ್ಮ ಊರಿನ ಉಲಮಾಗಳನ್ನು ಕೇಳಿ ತಿಳಿಯಬೇಕು. ನಿಲ್ಲಲಾಗದವರು ಕುಳಿತು, ಕೂರಲಾಗದವರು ಮಲಗಿ ನಮಾಝ್ ಮಾಡಬಹುದೆಂದು ಇಮ್ರಾನ್ ಬಿನ್ ಹುಸೈನ್(ರ)ರಿಗೆ ಪ್ರವಾದಿವರ್ಯರು(ಸ) ಹೇಳಿಕೊಟ್ಟಿದ್ದರು. ಒಂದು ದಂಡಯಾತ್ರೆಯ ಕೊರೆಯುವ ರಾತ್ರಿಯಲ್ಲಿ ಅಮ್ರ್ ಬಿನ್ ಆಸ್(ರ) ಸ್ನಾನದ ಬದಲು ತಯಮ್ಮುಮ್ ಮಾಡಿ ನಮಾಝಿಗೆ ನೇತೃತ್ವ ಕೊಟ್ಟರು. ವಿಷಯ ತಿಳಿದ ಪ್ರವಾದಿವರ್ಯರು(ಸ) ನಕ್ಕರೇ ಹೊರತು ಗದರಲಿಲ್ಲವೆಂದು ಅಬೂದಾವೂದ್ ವರದಿ ಮಾಡಿದ್ದಾರೆ. ಇವನ್ನೆಲ್ಲ ಮಸೀದಿಯಲ್ಲಿ ಕೇಳಿ ಬರುವ ಗಂಡಸರು ಮನೆಗೆ ಬಂದು ಹೆಂಡತಿಗೂ ತಿಳಿಸಬೇಕು. ಸೌಲಭ್ಯ ಗೊತ್ತಿಲ್ಲದೆ ಊದಿದ ಕಾಲಿನಲ್ಲಿ ನಿಂತೇ ನಮಾಝ್ ಪೂರೈಸುವ ತಾಯಂದಿರು ಬಹಳ ಮಂದಿ ಇದ್ದಾರೆ.

ಒಂದು ಎಚ್ಚರಿಕೆಯ ಮಾತು. ಮಲಗುವಾಗ ಮನೆಯಲ್ಲಿ ಬೆಂಕಿಯನ್ನು ಉರಿಯಲು ಬಿಡಬಾರದೆಂದು ಪ್ರವಾದಿವರ್ಯರು(ಸ) ತಾಕೀತು ಮಾಡಿದ್ದರು. ಕಿಟಕಿ ಬಾಗಿಲು ಮುಚ್ಚಿ, ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗುವ ಅಭ್ಯಾಸ ಇಂದಿಗೂ ಪೂರ್ತಿ ಹೋಗಿಲ್ಲ. ಕೆಂಡದಿಂದ ಹೊಮ್ಮುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಿದ್ದೆಯಲ್ಲಿದ್ದವರು ಎಚ್ಚರಗೊಳ್ಳುವುದೇ ಇಲ್ಲ. ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚುವುದರಲ್ಲಿಯೂ ಇದೇ ಅಪಾಯವಿದೆ. ಸಕ್ಕರೆ ಕಾಯಿಲೆಯವರ ಪಾದಕ್ಕೆ ಬಿಸಿಯ ಅರಿವು ಕಡಿಮೆ. ಬಿಸಿನೀರಿನ ಚೀಲವನ್ನು ನೇರವಾಗಿ ಪಾದಕ್ಕೆ ಒತ್ತಿ ಮಲಗಿದರೆ ಸುಟ್ಟುದು ಬೆಳಿಗ್ಗೆಯಷ್ಟೇ ತಿಳಿಯುತ್ತದೆ.

ಮಕ್ಕಳಿಗೂ ಹೇಳಬೇಕಾದುದಿದೆ. ಹಣ ಕಳುಹಿಸುವುದು, ಹೀಟರ್ ತರಿಸಿಕೊಡುವುದು, ವಾರಕ್ಕೊಮ್ಮೆ ವಿಡಿಯೊ ಕರೆ ಮಾಡುವುದು – ಇವೆಲ್ಲ ಒಳ್ಳೆಯದೇ. ಆದರೆ ಬೆಳಗಿನ ಕೆಲಸಕ್ಕೆ ಒಬ್ಬ ಸಹಾಯಕಿಯನ್ನು ಗೊತ್ತುಮಾಡಿ, ಸಂಬಳವನ್ನು ತಾವೇ ಕೊಡುವುದು ಅದಕ್ಕಿಂತ ಒಳ್ಳೆಯದು. ಇನ್ನೂ ಒಂದು ಸಂಗತಿ ನಮ್ಮನ್ನು ಬಾಧಿಸುತ್ತಿದೆ. ಹೆತ್ತವರನ್ನು ಆಸ್ತಿಯಂತೆ ಪಾಲು ಮಾಡಿಕೊಳ್ಳುವ ಪದ್ಧತಿ ಬೆಳೆಯುತ್ತಿದೆ. ಮೊಮ್ಮಗುವನ್ನು ನೋಡಿಕೊಳ್ಳಲು ಉಮ್ಮ ಒಬ್ಬ ಮಗನ ಮನೆಗೆ. ಅಬ್ಬ ಇನ್ನೊಬ್ಬನ ಮನೆಗೆ, ಇಲ್ಲವೇ ಹಳೆಯ ಮನೆಯ ಕಾವಲಿಗೆ. ಮಗಳ ಬಾಣಂತನಕ್ಕೆ ಒಂದೆರಡು ತಿಂಗಳು ಹೋಗಿಬರುವುದು ಬೇರೆ; ವರ್ಷಗಟ್ಟಲೆ ಇಬ್ಬರನ್ನೂ ಅಗಲಿಸಿಡುವುದು ಬೇರೆ. ಹೆತ್ತವರನ್ನು ಪೋಷಿಸಬೇಕೆಂದು 2007ರ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯೂ ಹೇಳುತ್ತದೆ. ಆದರೆ ಕಾನೂನು ಜೀವನಾಂಶ ಕೊಡಿಸಬಲ್ಲದು; ರಾತ್ರಿ ಕೆಮ್ಮಿದಾಗ ಪಕ್ಕದಲ್ಲಿ ಎದ್ದು ಕೂರುವ ಒಬ್ಬರನ್ನು ಕೊಡಿಸಲಾರದು. ‘ಛೆ’ ಎಂಬ ಉದ್ಗಾರವನ್ನೂ ಹೆತ್ತವರ ಮುಂದೆ ಆಡದಂತೆ ಸೂರಃ ಬನೀ ಇಸ್ರಾಈಲ್ ನಿರ್ಬಂಧಿಸಿರುವಾಗ, ಅವರ ಜೋಡಿಯನ್ನೇ ಮುರಿಯುವುದು ಎಂತಹ ಸೇವೆ?

ಹಿರಿಯ ತಾಯಂದಿರಲ್ಲಿಯೂ ನಮ್ಮದೊಂದು ವಿನಂತಿಯಿದೆ. ಪತಿ ಒಲೆಯ ಬಳಿಗೆ ಬಂದಾಗ ‘ನಿಮ್ಮಿಂದಾಗದು, ಹೋಗಿ ಕುಳಿತುಕೊಳ್ಳಿ’ ಎಂದು ಕಳುಹಿಸಿಬಿಡಬೇಡಿ. ಮೊದಲ ದಿನ ಹೊಗೆಯೇ ಹೆಚ್ಚಾದೀತು, ಚಹಾಕ್ಕೆ ಸಕ್ಕರೆ ಮರೆತುಹೋದೀತು. ಕಲಿಯಲು ಬಿಡಿ. ನಾಳೆ ನೀವು ಹಾಸಿಗೆ ಹಿಡಿದರೆ, ಇಲ್ಲವೇ ನೀವೇ ಮೊದಲು ಅಲ್ಲಾಹನ ಕರೆಗೆ ಓಗೊಟ್ಟರೆ, ಒಂದು ಲೋಟ ನೀರು ಕಾಯಿಸಲೂ ಬಾರದ ಮನುಷ್ಯ ಏನು ಮಾಡಬೇಕು? ಕೆಲಸ ಕಲಿಸುವುದೂ ಆತನ ಮೇಲಿನ ಕರುಣೆಯೇ.

ರಾತ್ರಿ ಎದ್ದು ನಮಾಝ್ ಮಾಡಿ, ಸಂಗಾತಿಯನ್ನು ಎಬ್ಬಿಸುವ ಪತಿಯನ್ನೂ ಹಾಗೆಯೇ ಪತ್ನಿಯನ್ನೂ ಪ್ರವಾದಿವರ್ಯರು(ಸ) ಹರಸಿದ್ದಾರೆ. ಆ ಹರಕೆ ಇಬ್ಬರಿಗೂ ಸಮಾನವಾಗಿದೆ: ಒಮ್ಮೆ ಅವನು ಮೊದಲು ಏಳುತ್ತಾನೆ, ಒಮ್ಮೆ ಅವಳು. ನಮ್ಮ ಮನೆಗಳಲ್ಲಿ ಎಬ್ಬಿಸುವ ಕೆಲಸ ಯಾವಾಗಲೂ ಒಬ್ಬರದೇ ಆಗಿರುವುದಾದರೆ ಈ ಚಳಿಗಾಲದಲ್ಲಾದರೂ ಸರದಿ ಬದಲಾಗಲಿ. ಈ ವರ್ಷದ ದೀರ್ಘ ರಾತ್ರಿಗಳು ಇನ್ನೂ ಮುಗಿದಿಲ್ಲ. ಮನೆಯ ಯಜಮಾನರು ಒಂದು ಮುಂಜಾನೆ ಸದ್ದಿಲ್ಲದೆ ಎದ್ದು, ಒಲೆ ಹಚ್ಚಿ, ನೀರು ಕಾದ ಮೇಲೆ ಆಕೆಯನ್ನು ಕರೆಯಲಿ. ಅಂದಿನ ಸುಬಹ್ ನಮಾಝಿನ ಸವಿಯನ್ನು ಇಬ್ಬರೂ ಸೇರಿ ಅನುಭವಿಸಲಿ. ಅಲ್ಲಾಹನು ನಮ್ಮ ಹಿರಿಯರ ಮನೆಗಳಲ್ಲಿ ಕರುಣೆಯನ್ನು ನೆಲೆಗೊಳಿಸಲಿ. ಇಹದಲ್ಲಿ ಜೊತೆಯಾಗಿ ಮುಪ್ಪನ್ನು ಕಂಡವರನ್ನು ಪರದಲ್ಲಿಯೂ ಜೊತೆಗೂಡಿಸಲಿ. ಆಮೀನ್.