ಗೋವಾದ ಅನ್ನ ಉಂಡವರು ಗೋವಾ ಸರ್ಕಾರವನ್ನು ಪ್ರಶ್ನಿಸಬಹುದೆ?

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಗೋವಾಕ್ಕೆ ದುಡಿಯಲು ಹೋದವರಿಲ್ಲದ ಊರು ಹುಡುಕುವುದು ಕಷ್ಟ. ಅಲ್ಲಿಯ ಲಂಚ, ಮನೆ ತೆರವು, ಕಲ್ಲಿದ್ದಲು ಕಂಪನಿಗಳ ದರ್ಬಾರು ಇವುಗಳ ವಿರುದ್ಧ ನಡೆಯುವ ಹೋರಾಟದಲ್ಲಿ ನಮ್ಮವರು ಇಳಿಯಬೇಕೆ? ದುಡಿದು, ದುಡ್ಡು ಕಳಿಸಿ, ಸುಮ್ಮನಿರಬೇಕೆ?

ಪರ: ಜೆಸಿಬಿಗೆ ದಾರಿ ಗೊತ್ತಿರುವುದು ನಮ್ಮ ಗಲ್ಲಿಗೆ ಮಾತ್ರ
(ಹಾನಗಲ್ ತಾಲ್ಲೂಕಿನವರು, ವಾಸ್ಕೋದಲ್ಲಿ ಪೇಂಟಿಂಗ್ ಗುತ್ತಿಗೆದಾರರು)

"ದುಡಿಯಾಕ ಹೋದವ್ರಿಗೆ ರಾಜಕಾರಣ ಯಾಕೋ ತಮ್ಮಾ?" ಊರಿಗೆ ಬಂದಾಗಲೆಲ್ಲ ಗುಡಿಕಟ್ಟೆಯ ಹಿರಿಯರು ಕೇಳುತ್ತಾರೆ. ಮಳೆ ಕೈಕೊಟ್ಟ ವರ್ಷ ಗೋವಾದಿಂದ ಬಂದ ದುಡ್ಡಿನಲ್ಲೇ ಗೋವಿನಜೋಳದ ಬೀಜ ತಂದವರು ಇವರು. ದುಡ್ಡು ಬೇಕು, ದುಡ್ಡು ಕಳಿಸುವವನ ಬಾಯಿ ಬೇಡ.

ವಾಸ್ಕೋದ ಬೈನಾ ಕಡಲದಂಡೆಯ ಕತೆ ನಮ್ಮ ಸೀಮೆಯಲ್ಲಿ ಯಾರಿಗೂ ಹೊಸದಲ್ಲ. 2004ರ ಜೂನ್ ತಿಂಗಳಲ್ಲಿ, ಮಳೆಗಾಲ ಹಿಡಿದಾಗ, ಜೆಸಿಬಿಗಳು ಬಂದವು. ತೆಗೆಯಬೇಕಾಗಿದ್ದದ್ದು ವೇಶ್ಯಾವಾಟಿಕೆಯ ಗೂಡುಗಳು ಎಂದರು. ಅಕ್ಕಪಕ್ಕ ಕೂಲಿ ಮಾಡಿಕೊಂಡಿದ್ದವರೂ ಬೀದಿಗೆ ಬಿದ್ದರು. 2015ರಲ್ಲಿ ಮತ್ತೆ ಬಂದವು, ಆಮೇಲೂ ಬಂದವು. ಹೋದ ಮನೆಗಳಲ್ಲಿ ಹೆಚ್ಚಿನವು ಕನ್ನಡಿಗರವು. ಕರ್ನಾಟಕದಿಂದ ನಿಯೋಗಗಳು ಬಂದು, ನೋಡಿ, ಫೋಟೋ ತೆಗೆಸಿಕೊಂಡು ಹೋದವು. ಅದು ಅಕ್ರಮ ಜಾಗವೇ ಇರಬಹುದು, ವಾದಿಸುವುದಿಲ್ಲ. ಆದರೆ ಆ ಅಕ್ರಮ ಮನೆಗೆ ನಂಬರು ಬಂದದ್ದು ಎಲ್ಲಿಂದ? ಕರೆಂಟಿನ ಮೀಟರು ಯಾರು ಕೂರಿಸಿದರು? ಮನೆಪಟ್ಟಿಯ ರಸೀತಿ ಯಾರು ಹರಿದುಕೊಟ್ಟರು? ಚುನಾವಣೆ ಬಂದಾಗ ಅದೇ ಗಲ್ಲಿಯಲ್ಲಿ ಕನ್ನಡದಲ್ಲೇ ಮೈಕು ಕಟ್ಟಿ ಮತ ಕೇಳಿದವರು ಯಾರು? ಇಪ್ಪತ್ತು, ಮೂವತ್ತು ವರ್ಷ ಕಾನೂನಿಗೆ ಕಾಣದ ಮನೆ ಒಂದು ಬೆಳಿಗ್ಗೆ ದಿಢೀರನೆ ಕಾಣುತ್ತದೆ. ನಡುವಿನ ವರ್ಷಗಳಲ್ಲಿ ಅದು ಕಾಣದಿರಲೆಂದು ಯಾರು ಯಾರಿಗೆ ಎಷ್ಟು ಕೊಟ್ಟರು ಎಂಬ ಲೆಕ್ಕ ಯಾವ ಕೋರ್ಟಿನ ಮುಂದೂ ಬರುವುದಿಲ್ಲ.

ಈಗ ಇನ್ನೊಂದು ಅಕ್ರಮ ನೋಡಿ. 2025ರ ಡಿಸೆಂಬರ್ 6ರ ರಾತ್ರಿ ಅರ್ಪೋರಾದ ನೈಟ್‌ಕ್ಲಬ್ಬಿಗೆ ಬೆಂಕಿ ಬಿತ್ತು, 25 ಜನ ಸತ್ತರು. ಪ್ರವಾಸಿಗಳು ಕೆಲವರೇ. ಉಳಿದವರು ಅಲ್ಲಿಯ ಕೆಲಸಗಾರರು, ಹೊಟ್ಟೆಪಾಡಿಗೆ ಹೊರಗಿನಿಂದ ಬಂದವರು. ಕಟ್ಟಡ ಕೆಡವಲು ಪಂಚಾಯಿತಿ ಮೊದಲೇ ನೋಟಿಸು ಕೊಟ್ಟಿತ್ತು, ಮೇಲಿನ ಇಲಾಖೆ ಅದಕ್ಕೆ ತಡೆ ಕೊಟ್ಟಿತು ಎಂದು ಆಗ ಸರಪಂಚರೇ ಹೇಳಿದರು. ತಗಡಿನ ಮನೆಗೆ ತಡೆಯಾಜ್ಞೆ ಸಿಗುವುದಿಲ್ಲ, ಕ್ಲಬ್ಬಿಗೆ ಸಿಗುತ್ತದೆ. 2014ರ ಜನವರಿಯಲ್ಲಿ ಕಾಣಕೋಣದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು ಸುಮಾರು 30 ಕೂಲಿಕಾರರು ಸತ್ತರು. ಆಗಲೂ ಪರವಾನಗಿಗೆ ಸಹಿ ಹಾಕಿದವರ ಮಾತು ಒಂದಷ್ಟು ದಿನ ನಡೆಯಿತು, ಆಮೇಲೆ ಮಳೆಗಾಲ ಬಂತು. ಲಂಚ ತಿಂದವರು ಪಣಜಿಯಲ್ಲಿರುತ್ತಾರೆ. ಲಂಚಕ್ಕೆ ಸಾಯುವವರು ಸಾರವೆಯ ಮೇಲೆ, ಅಡುಗೆಮನೆಯಲ್ಲಿ ಇರುತ್ತಾರೆ. ಸಾರವೆಯ ಮೇಲಿರುವವನಿಗೇ ಮಾತಾಡುವ ಹಕ್ಕಿಲ್ಲ ಅಂದರೆ ಇನ್ನಾರಿಗಿದೆ?

ಕಲ್ಲಿದ್ದಲಿನ ವಿಷಯ ಇನ್ನೂ ದೊಡ್ಡದು. ಮುರಗಾಂವ ಬಂದರಿನಲ್ಲಿ ಜೆಎಸ್‌ಡಬ್ಲ್ಯು ಮತ್ತು ಅದಾನಿ ಕಂಪನಿಗಳ ಧಕ್ಕೆಗಳಿವೆ. ಹಡಗಿನಿಂದ ಇಳಿಯುವ ಕಲ್ಲಿದ್ದಲಿನ ಪುಡಿ ವಾಸ್ಕೋ ಊರಿನ ಮೇಲೆ ಕೂರುತ್ತದೆ. ಒಣಹಾಕಿದ ಬಟ್ಟೆ, ಮುಚ್ಚಿಟ್ಟ ನೀರು, ಮಕ್ಕಳ ಮೂಗು ಯಾವುದನ್ನೂ ಬಿಡುವುದಿಲ್ಲ. ನನ್ನ ಕಸುಬೇ ಗೋಡೆಗೆ ಬಣ್ಣ ಹಚ್ಚುವುದು, ಅದಕ್ಕೇ ಹೇಳುತ್ತೇನೆ: ಬಂದರಿನ ಕಡೆಗೆ ಮುಖ ಮಾಡಿದ ಗೋಡೆ ಯಾವುದೆಂದು ವಾಸ್ಕೋದಲ್ಲಿ ದಿಕ್ಸೂಚಿ ಇಲ್ಲದೆ ತೋರಿಸಬಲ್ಲೆ. 2017ರಲ್ಲಿ ಬಂದರು ವಿಸ್ತರಣೆಗೆ ತಿಲಕ್ ಮೈದಾನದಲ್ಲಿ ಸಾರ್ವಜನಿಕ ಅಹವಾಲು ನಡೆದಾಗ ಗೋವಾದ ಮೀನುಗಾರರು, ಹೆಂಗಸರು, ಪಾದ್ರಿಗಳು, ವಕೀಲರು ಸಾಲುಗಟ್ಟಿ ಮಾತಾಡಿದರು. ಬಂದರಿಗೆ ಅಂಟಿಕೊಂಡೇ ಬದುಕುವ ನಮ್ಮವರ ದನಿ ಎಷ್ಟು ಕೇಳಿಸಿತು? 'ಘಾಟಿ' (ಘಟ್ಟದ ಮೇಲಿನ ಹೊರಗಿನವರು) ಅಂದಾರು ಎಂಬ ಅಂಜಿಕೆ. ಅನ್ನಲಿ. ದೂಳು ನುಂಗುವಾಗ ಕೊಂಕಣಿಯವನ ಪುಪ್ಪುಸ ಬೇರೆ, ಹಾನಗಲ್ಲಿನವನದು ಬೇರೆ ಇರುತ್ತದೆಯೇ?

ಆ ಕಲ್ಲಿದ್ದಲು ಹೋಗುವುದೆಲ್ಲಿಗೆ? ಕ್ಯಾಸಲ್‌ರಾಕ್ ಘಟ್ಟ ಹತ್ತಿ, ಹುಬ್ಬಳ್ಳಿ, ಗದಗ, ಕೊಪ್ಪಳ ದಾಟಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ. ಅದಕ್ಕಾಗಿ ಹಳಿ ಜೋಡಿ ಮಾಡಲು ಹೊರಟ ನೈರುತ್ಯ ರೈಲ್ವೆಯ ಮುಖ್ಯ ಕಚೇರಿ ಇರುವುದು ನಮ್ಮ ಹುಬ್ಬಳ್ಳಿಯಲ್ಲೇ. 2020ರ ನವೆಂಬರ್ ಮೊದಲ ರಾತ್ರಿ 'ಗೋಯಾಂತ್ ಕೊಳ್ಸೊ ನಾಕಾ' (ಗೋವಾದಲ್ಲಿ ಕಲ್ಲಿದ್ದಲು ಬೇಡ) ಎಂದು ಸಾವಿರಾರು ಜನ ಮೇಣದಬತ್ತಿ ಹಿಡಿದು ಚಾಂದೋರಿನ ರೈಲು ಹಳಿಯ ಬಳಿ ಕೂತರು. ಚಾಂದೋರು ಅಂದರೆ ಗೋವಾ ಕದಂಬರ ಚಂದ್ರಪುರ. ಹಾನಗಲ್ಲಿನಲ್ಲಿ ಆಳಿದವರೂ ಕದಂಬರೇ. ತಾರಕೇಶ್ವರ ಗುಡಿ ತೋರಿಸಿ ಬೀಗುತ್ತೇವಲ್ಲ, ಆ ಬೀಗರ ಊರಿನಲ್ಲಿ ನಡೆದದ್ದು ಇದು. 2025ರ ಫೆಬ್ರುವರಿಯಲ್ಲಿ ಉಕ್ಕಿನ ಕಾರ್ಖಾನೆ ವಿಸ್ತರಣೆ ಬೇಡವೆಂದು ಕೊಪ್ಪಳ ಬಂದ್ ಆಯಿತು, ಗವಿಮಠದ ಸ್ವಾಮಿಗಳೇ ಬೀದಿಗೆ ಬಂದರು. ಕೊಪ್ಪಳದಲ್ಲಿ ಆಡಿದರೆ ಜನಹೋರಾಟ, ಅದೇ ಹಳಿಯ ಇನ್ನೊಂದು ತುದಿಯಲ್ಲಿ ಆಡಿದರೆ ಉಪದ್ವ್ಯಾಪವೆ?

ಅಮೆರಿಕದಲ್ಲಿರುವ ನಮ್ಮವರು ಗ್ರೀನ್ ಕಾರ್ಡಿನ ಸರದಿ, ದೇಶಕ್ಕೆ ಶೇ 7ರ ಮಿತಿ ಎಂದು ಸಂಘ ಕಟ್ಟಿ ಅಲ್ಲಿಯ ಸಂಸದರ ಬಾಗಿಲು ತಟ್ಟಿದರೆ ಪತ್ರಿಕೆಗಳು ಹೊಗಳುತ್ತವೆ. ಅವರಿಗೆ ಅಲ್ಲಿ ಮತವೇ ಇಲ್ಲ. ನನ್ನ ಚಿಗವ್ವನ ಮಗ ದುಬೈಯಲ್ಲಿದ್ದಾನೆ. ಕಾರ್ಮಿಕ ಸಂಘ ಕಟ್ಟಲು ಬಿಡದ ದೇಶ, ಅವನು ಬಾಯಿ ಮುಚ್ಚಿಕೊಂಡಿರುವುದು ಅರ್ಥವಾಗುತ್ತದೆ. ನಾನು ಮುಚ್ಚಿಕೊಳ್ಳಬೇಕಾದ್ದು ಯಾವ ಕಾರಣಕ್ಕೆ? ನನ್ನ ಕೈಯಲ್ಲಿ ಮತದಾರರ ಚೀಟಿ ಇದೆ. ದೇಶದ ಯಾವ ಮೂಲೆಯಲ್ಲೂ ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಗೋವಾ 1961ರ ಡಿಸೆಂಬರ್ 19ರವರೆಗೆ ಪರದೇಶ. ಆಮೇಲೆ ಅಲ್ಲ.

ಮಹದಾಯಿಯ ಮಾತು ತೆಗೆಯುವವರಿದ್ದಾರೆ. ಅದು ನೀರಿನ ಜಗಳ, ಅದಕ್ಕೆ ನ್ಯಾಯಮಂಡಳಿ ಇದೆ. ನಮ್ಮ ಮನೆ, ನಮ್ಮ ಉಸಿರಿಗೆ ಇಲ್ಲ. ನಮ್ಮ ಮುಖಂಡರೆನಿಸಿಕೊಂಡ ಕೆಲವರು ಚುನಾವಣೆಯ ರಾತ್ರಿ ಓಣಿಗೆ ಓಣಿಯನ್ನೇ ಮಾರಿದ್ದೂ ಉಂಟು, ಇಲ್ಲ ಅನ್ನುವುದಿಲ್ಲ. ಒಳಗೂ ಕಸ ಇದೆ. ಅದನ್ನು ಗುಡಿಸುವುದೂ ಬಾಯಿ ತೆರೆದಾಗಲೇ.

ವಿರೋಧ: ಮೊದಲು ಹೊಟ್ಟೆ, ಆಮೇಲೆ ಹೋರಾಟ
(ಅಕ್ಕಿಆಲೂರಿನ ನಿವೃತ್ತ ಪ್ರೌಢಶಾಲಾ ಶಿಕ್ಷಕರು)

ಸಂಪಾದಕರು ಅವಸರದಲ್ಲಿ ಕೇಳಿದ್ದಾರೆ, ಅದಕ್ಕೇ ಸಂಕ್ಷೇಪವಾಗಿ ಬರೆಯುತ್ತೇನೆ.

ಒಂದು, ಗೋವಾದವರ ಹೋರಾಟವನ್ನು ಗೋವಾದವರು ಚೆನ್ನಾಗಿಯೇ ಮಾಡುತ್ತಿದ್ದಾರೆ. ಅಕ್ರಮ ಗಣಿಗಾರಿಕೆಯಿಂದ ಸುಮಾರು 35,000 ಕೋಟಿ ರೂಪಾಯಿ ನಷ್ಟ ಎಂದು ಷಾ ಆಯೋಗ 2012ರಲ್ಲಿ ಅಂದಾಜು ಮಾಡಿತು. ಕೋರ್ಟಿಗೆ ಹೋದದ್ದು ಅಲ್ಲಿಯ ಪರಿಸರ ಸಂಘಟನೆ ಗೋವಾ ಫೌಂಡೇಶನ್. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು 88 ಗಣಿ ಗುತ್ತಿಗೆಗಳನ್ನು ರದ್ದು ಮಾಡಿತು. ಜೋಡಿ ಹಳಿಗೆ ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನೂ ಅದೇ ಕೋರ್ಟು 2022ರಲ್ಲಿ ತೆಗೆದುಹಾಕಿತು. ಇವುಗಳಿಗೆ ನಮ್ಮ ಗೌಂಡಿಗಳು, ಹಮಾಲರು ಬೇಕಾಗಲಿಲ್ಲ. ಗಣಿ ನಿಂತಾಗ ಕೆಲಸ ಕಳೆದುಕೊಂಡವರಲ್ಲಿ ಮಾತ್ರ ನಮ್ಮವರಿದ್ದರು.

ಎರಡು, ನಮ್ಮ ಮನೆ ಎಷ್ಟು ಸ್ವಚ್ಛ? ಬಳ್ಳಾರಿ ಗಣಿಯ ಮೇಲಿನ ಲೋಕಾಯುಕ್ತ ವರದಿ 2011ರದು. ಶೇ 40 ಕಮಿಷನ್ ಎಂದು ನಮ್ಮ ರಾಜ್ಯದ ಗುತ್ತಿಗೆದಾರರ ಸಂಘವೇ 2021ರಲ್ಲಿ ಪ್ರಧಾನಿಗೆ ದೂರು ಬರೆಯಿತು. ಉತಾರದಲ್ಲಿ ಹೆಸರು ತಿದ್ದಿಸಲು ಇಲ್ಲಿ ಕೈ ಬೆಚ್ಚಗೆ ಮಾಡುವವರು ಅಲ್ಲಿ ಹೋಗಿ ಭಾಷಣ ಮಾಡಿದರೆ ನಗುತ್ತಾರೆ.

ಮೂರು, ಸ್ಥಳೀಯರ ಅಂಜಿಕೆ ಸುಳ್ಳಲ್ಲ. 2021ರ ಜುಲೈನಲ್ಲಿ ಗೋವಾ ವಿಧಾನಸಭೆ ಒಂದು ಭೂಮಿಪುತ್ರ ಮಸೂದೆ ಒಪ್ಪಿತು. 30 ವರ್ಷ ನೆಲೆಸಿದವರಿಗೆ ಮನೆಯ ಹಕ್ಕು ಕೊಡುವಂಥದ್ದು. ಹೊರಗಿನವರಿಗೆ ಮಣೆ ಹಾಕುತ್ತಾರೆಂದು ಇಡೀ ರಾಜ್ಯ ಎದ್ದು ಕೂತಿತು, ಸರ್ಕಾರ ಹಿಂದೆ ಸರಿಯಿತು. 'ಗೋವಾ ಮೂಲದವರು' ಎಂದು ಕಾನೂನಿನಲ್ಲೇ ಗೆರೆ ಎಳೆಯಬೇಕೆನ್ನುವ ಪಕ್ಷ 2022ರಲ್ಲಿ ಗೆದ್ದದ್ದು ಒಂದೇ ಸ್ಥಾನ, ಆದರೆ ಶೇ 9ರಷ್ಟು ಮತ ತೆಗೆದುಕೊಂಡಿತು. ನಮ್ಮವರು ಧ್ವಜ ಹಿಡಿದು ಬೀದಿಗಿಳಿದಷ್ಟೂ ಆ ಮತ ಹೆಚ್ಚುತ್ತದೆ. ಮಹದಾಯಿ ಗಲಾಟೆಯಾದಾಗ ಬಸ್ಸು ನಿಲ್ಲುವುದು ಗಡಿಯಲ್ಲಿ, ಪೆಟ್ಟು ತಿನ್ನುವ ಭಯ ಅಲ್ಲಿರುವವರಿಗೆ.

ನಾಲ್ಕು, ಸೌಲಭ್ಯ. ಗೃಹಿಣಿಯರಿಗೆ ಹಣ ಕೊಡುವ ಗೃಹ ಆಧಾರದಂಥ ಯೋಜನೆಗೆ ಅಲ್ಲಿ 15 ವರ್ಷದ ವಾಸದ ದಾಖಲೆ ಬೇಕು. ಆ ಕಾಗದಕ್ಕೆ ಸಹಿ ಹಾಕುವ ಅಧಿಕಾರಿಯನ್ನೇ ಎದುರು ಹಾಕಿಕೊಂಡರೆ ನಷ್ಟ ಯಾರಿಗೆ? (ಸಹಿ ಬಿಟ್ಟಿ ಬೀಳುವುದಿಲ್ಲವೆಂದು ನನ್ನ ಹಳೆಯ ವಿದ್ಯಾರ್ಥಿಗಳು ಹೇಳುತ್ತಾರೆ. ಅದು ಬೇರೆ ಮಾತು.)

ಐದು, ಅಲ್ಲಿಯ ಮತದಾರರ ಮಾತಿಗೇ ಬೆಲೆ ಇಲ್ಲ. 2022ರ ಚುನಾವಣೆಗೆ ಮುಂಚೆ ಕಾಂಗ್ರೆಸ್ ಅಭ್ಯರ್ಥಿಗಳನ್ನು ಗುಡಿ, ಚರ್ಚು, ದರ್ಗಾಕ್ಕೆ ಕರೆದೊಯ್ದು ಪಕ್ಷ ಬಿಡುವುದಿಲ್ಲವೆಂದು ಆಣೆ ಹಾಕಿಸಿದ್ದರು. ಗೆದ್ದ 11 ಜನರಲ್ಲಿ 8 ಜನ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಿಜೆಪಿ ಸೇರಿದರು. ಮೂರು ದೇವರ ಮಾತು ಮೀರಿದವರು ಸವಣೂರಿನ ಹಮಾಲನ ಮಾತು ಕೇಳುತ್ತಾರೆಯೇ?

ಹೊರರಾಜ್ಯದ ಕೂಲಿಕಾರರಿಗೆಂದು 1979ರಲ್ಲೇ ಕಾಯಿದೆ ಬಂದಿತ್ತು. ಕರೆದೊಯ್ಯುವ ಗುತ್ತಿಗೆದಾರ ಲೈಸೆನ್ಸು ಪಡೆಯಬೇಕು, ಊರು ಬಿಟ್ಟಿದ್ದಕ್ಕೆ ಭತ್ಯೆ, ಹೋಗಿಬರುವ ಖರ್ಚು, ಇರಲು ಮನೆ ಕೊಡಬೇಕು ಎಂದಿತ್ತು. 2020ರಲ್ಲಿ ಅದನ್ನು ಕಾರ್ಮಿಕ ಸಂಹಿತೆಯೊಳಗೆ ಸೇರಿಸಿದರು. ನಮ್ಮ ತಾಲ್ಲೂಕಿನಿಂದ ಹೋದವರಲ್ಲಿ ಆ ಭತ್ಯೆ ಪಡೆದ ಒಬ್ಬನನ್ನೂ ನಾನು ಕಂಡಿಲ್ಲ. ಹೋರಾಡುವುದಾದರೆ ಇಂಥದಕ್ಕೆ, ಇಲ್ಲೇ, ನಮ್ಮ ಶಾಸಕರ ಮನೆಯ ಮುಂದೆ ಮಾಡಬಹುದು. ಆದರೆ ಕೂಲಿ ಕೊಡಬೇಕಾದವನು ಅಲ್ಲಿರುತ್ತಾನೆ, ಅವನನ್ನು ಹಿಡಿಯಬೇಕಾದ ಅಧಿಕಾರಿಯೂ ಅಲ್ಲೇ ಇರುತ್ತಾನೆ ಎಂಬುದನ್ನು ಒಪ್ಪಬೇಕಾಗುತ್ತದೆ.

ಸುಮ್ಮನಿದ್ದರೆ ಬಾಳಬಹುದು ಎಂದು ನಾನು ಹುಡುಗರಿಗೆ ಹೇಳುತ್ತ ಬಂದವನು. ನನ್ನ ತಂಗಿಯ ಮಗ ಗೋವಾದಲ್ಲಿ ಹಾಗೆಯೇ ಇದ್ದ. ಯಾವ ಸಭೆಗೂ ಹೋಗಲಿಲ್ಲ, ಯಾವ ಪಕ್ಷದ ಟೋಪಿಯನ್ನೂ ಹಾಕಲಿಲ್ಲ. ಅವನ ಮನೆಯೂ ಹೋಯಿತು. ಈಗ ಬಾಡಿಗೆ ಕೋಣೆಯಲ್ಲಿದ್ದಾನೆ, ಆದರೂ ಊರಿಗೆ ಬರಲು ಒಲ್ಲೆ ಅನ್ನುತ್ತಾನೆ.

ಇಷ್ಟು ಹೇಳಿಯೂ ಹೋಗುವವರು ಹೋಗುತ್ತಾರೆ. ಅಹವಾಲಿನಲ್ಲಿ ಕೊಂಕಣಿಯಲ್ಲಿ ಮಾತಾಡಿ, ಒಬ್ಬೊಬ್ಬರೇ ಹೋಗಬೇಡಿ. ಮನೆಪಟ್ಟಿಯ ರಸೀತಿ, ಕರೆಂಟಿನ ಬಿಲ್ಲು, ಮಕ್ಕಳ ಶಾಲೆಯ ದಾಖಲೆ ಎಲ್ಲದರ ಒಂದು ಜೆರಾಕ್ಸು ಊರಲ್ಲಿ ಅವ್ವನ ಟ್ರಂಕಿನಲ್ಲಿ ಇಟ್ಟು ಹೋಗಿ.